ಒಂದು ಅಂಕ ಕಡಿಮೆ ಬಿದ್ದಾಗ

ವಿಡಿಯೊ ಆಟಗಳಿಗೆ ವಿಮರ್ಶಕರು ಕೊಡುವ ಎರಡು ಸಾಲಿನ ತೀರ್ಪಿನ ಹಿಂದೆ ಏನೇನಿದೆ?

ಎಸ್ಸೆಸ್ಸೆಲ್ಸಿಯಲ್ಲಿ ಒಂದೇ ಅಂಕದಿಂದ ಪ್ರಥಮ ದರ್ಜೆ ತಪ್ಪಿದ ಹುಡುಗನ ಸಂಕಟ ನಮಗೆಲ್ಲ ಗೊತ್ತಿರುವುದೇ. ಆದರೆ ವಿಮರ್ಶಕರು ಕೊಟ್ಟ ಅಂಕ ಒಂದು ಕಡಿಮೆ ಬಿತ್ತೆಂದು ಕಂಪೆನಿಯೊಂದಕ್ಕೆ ಬೋನಸ್ ತಪ್ಪಿದ್ದುಂಟೇ? ಉಂಟು. ಅದು ನಡೆದದ್ದು ವಿಡಿಯೊ ಆಟಗಳ ಜಗತ್ತಿನಲ್ಲಿ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ಆಬ್ಸಿಡಿಯನ್ ಎಂಟರ್‌ಟೇನ್‌ಮೆಂಟ್ ಎಂಬ ಸಂಸ್ಥೆ ‘ಫಾಲ್‌ಔಟ್: ನ್ಯೂ ವೆಗಾಸ್’ ಎಂಬ ಆಟವನ್ನು ತಯಾರಿಸಿತು. ಅಣುಯುದ್ಧವಾಗಿ ಎರಡು ಶತಮಾನ ಕಳೆದ ಮರುಭೂಮಿಯಲ್ಲಿ ನಡೆಯುವ ಸಾಹಸದ ಕಥೆ ಅದು. ಬೆಥೆಸ್ಡಾ ಎಂಬ ಸಂಸ್ಥೆ ಅದನ್ನು 2010ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ತಯಾರಿಸಿದವರಿಗೆ ಮಾರಾಟದಲ್ಲಿ ಪಾಲಿರಲಿಲ್ಲ, ನಿಗದಿತ ಮೊತ್ತವಷ್ಟೇ. ಜೊತೆಗೆ, ಮೆಟಾಕ್ರಿಟಿಕ್ ಎಂಬ ಅಂತರಜಾಲ ತಾಣದಲ್ಲಿ ವಿಮರ್ಶಕರ ಸರಾಸರಿ ಅಂಕ ನೂರಕ್ಕೆ 85 ಮುಟ್ಟಿದರೆ ಬೋನಸ್ ಎಂಬ ಮಾತಾಗಿತ್ತು. ಕಂಪ್ಯೂಟರ್ ಆವೃತ್ತಿಗೆ ಬಂದದ್ದು 84! 2012ರ ಮಾರ್ಚ್‌ನಲ್ಲಿ ಈ ಸಂಗತಿಯನ್ನು ಹೊರಗೆಡಹಿದವರು ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ಅವೆಲ್ಲೋನ್.

ಸಿನಿಮಾ ಬಿಡುಗಡೆಯಾದ ಮರುದಿನ ಪತ್ರಿಕೆಯಲ್ಲಿ ನಕ್ಷತ್ರಗಳನ್ನು ಎಣಿಸುವುದು ನಮಗೆ ಹೊಸದಲ್ಲ. ವಿಡಿಯೊ ಆಟಗಳಿಗೂ ಅಂಥದೇ ವಿಮರ್ಶೆಗಳಿವೆ. ಎರಡು ಸಾಲಿನ ಅಭಿಪ್ರಾಯ, ಕೆಳಗೊಂದು ಅಂಕ. ಕೊಳ್ಳುವವನಿಗೆ ಇದು ಬೇಕೇ ಬೇಕು. ದೊಡ್ಡ ಆಟವೊಂದರ ಬೆಲೆ ನಾಲ್ಕೈದು ಸಾವಿರ ರೂಪಾಯಿ. ಆಡಿ ಮುಗಿಸಲು ಮೂವತ್ತು, ನಲವತ್ತು, ಕೆಲವೊಮ್ಮೆ ನೂರು ಗಂಟೆ ಬೇಕು. ಅಷ್ಟು ಹಣ, ಅಷ್ಟು ಹೊತ್ತು ಹಾಕುವ ಮೊದಲು ಬಲ್ಲವರೊಬ್ಬರ ಮಾತು ಕೇಳುವುದು ಸಹಜ. ಆದರೆ ಓದುಗನಿಗೆಂದು ಬರೆದ ಆ ಚಿಕ್ಕ ತೀರ್ಪು ಕ್ರಮೇಣ ಓದುಗನ ಕೈಬಿಟ್ಟು ಬೇರೆಯವರ ಲೆಕ್ಕದ ಪುಸ್ತಕ ಸೇರಿದ್ದು ಹೇಗೆ? ಅದೇ ಇಲ್ಲಿನ ವಿಷಯ.

ಕೈಯ ಆಟ, ತಲೆಯ ಆಟ

ಮೊದಲು ಆಟಗಳ ಬಗೆ ತಿಳಿಯಬೇಕು. ಲಗೋರಿಗೂ ಹುಲಿ-ಕುರಿ ಆಟಕ್ಕೂ ಇರುವ ವ್ಯತ್ಯಾಸವೇ ಇಲ್ಲೂ ಇದೆ. ಲಗೋರಿಯಲ್ಲಿ ಚೆಂಡು ಬೆನ್ನಿಗೆ ಬೀಳುವ ಮೊದಲು ಓಡಬೇಕು; ಯೋಚಿಸುತ್ತ ನಿಂತವನು ಔಟು. ಹುಲಿ-ಕುರಿಯಲ್ಲಿ ಗಲ್ಲಕ್ಕೆ ಕೈಕೊಟ್ಟು ಎಷ್ಟು ಹೊತ್ತು ಕೂತರೂ ಅಡ್ಡಿಯಿಲ್ಲ. ಆದರೆ ಇಟ್ಟ ಕಾಯಿಯನ್ನು ಹಿಂದೆಗೆಯುವಂತಿಲ್ಲ. ಮೊದಲ ಬಗೆಯದು ಆ್ಯಕ್ಷನ್ ಆಟ. ಎರಡನೆಯದು ಟ್ಯಾಕ್ಟಿಕಲ್ ಆಟ, ಅಂದರೆ ವ್ಯೂಹದ ಆಟ.

ಆ್ಯಕ್ಷನ್ ಆಟದ ಜೀವಾಳ ಕಾಲ. ಪರದೆಯ ಮೇಲಿನ ಚಿತ್ರ ಸೆಕೆಂಡಿಗೆ 60 ಬಾರಿ ಬದಲಾಗುತ್ತದೆ ಎಂದುಕೊಳ್ಳಿ. ಒಂದೊಂದು ಚಿತ್ರಕ್ಕೆ ಸಿಗುವುದು ಸೆಕೆಂಡಿನ ಅರವತ್ತನೇ ಒಂದು ಭಾಗ. ಎದುರಾಳಿಯ ಕತ್ತಿಯೇಟನ್ನು ತಡೆಯಲು ಇಂಥ ಕೆಲವೇ ಚಿತ್ರಗಳಷ್ಟು ಅವಕಾಶ. ಯಂತ್ರ ತಡವರಿಸಿ ಸೆಕೆಂಡಿಗೆ 20 ಚಿತ್ರಕ್ಕೆ ಇಳಿದರೆ, ಆಟ ಎಷ್ಟೇ ಸುಂದರವಾಗಿರಲಿ, ಆಡುವವನ ಕೈ ಕಟ್ಟಿದಂತೆ.

ವ್ಯೂಹದ ಆಟದ ಜೀವಾಳ ಆಯ್ಕೆ. 1994ರಲ್ಲಿ ಬ್ರಿಟನ್ನಿನ ಜೂಲಿಯನ್ ಗೊಲೊಪ್ ರೂಪಿಸಿದ, ‘ಎಕ್ಸ್-ಕಾಮ್’ ಎಂದು ಹೆಸರಾದ ಆಟದಲ್ಲಿ ಆಟಗಾರ ಸೈನಿಕರ ಸಣ್ಣ ತುಕಡಿಯನ್ನು ನಡೆಸಿ ಅನ್ಯಗ್ರಹದ ದಾಳಿಕೋರರನ್ನು ಎದುರಿಸುತ್ತಾನೆ. ಒಮ್ಮೆ ಇವನ ಸರದಿ, ಒಮ್ಮೆ ಅವರದು. 2012ರಲ್ಲಿ ಫಿರಾಕ್ಸಿಸ್ ಸಂಸ್ಥೆ ಅದನ್ನು ಹೊಸದಾಗಿ ರೂಪಿಸಿತು. ಗುಂಡು ಹಾರಿಸುವ ಮೊದಲು ಗುರಿ ತಾಗುವ ಸಾಧ್ಯತೆ ಶೇಕಡಾ ಎಷ್ಟೆಂದು ಪರದೆಯ ಮೇಲೆ ಕಾಣುತ್ತದೆ. ಶೇ 95 ಎಂದು ಕಂಡರೆ ನಾವು ‘ಖಂಡಿತ’ ಎಂದೇ ಓದಿಕೊಳ್ಳುತ್ತೇವೆ. ಆದರೆ ಅಂಥ 20 ಗುಂಡು ಹಾರಿಸಿದರೆ ಒಂದಾದರೂ ತಪ್ಪುವ ಸಾಧ್ಯತೆ ಶೇ 64! ತಪ್ಪಿದಾಗ ಆಟಗಾರ ಯಂತ್ರವೇ ಮೋಸ ಮಾಡಿತೆಂದು ಬೈಯುತ್ತಾನೆ. ತಮಾಷೆಯೆಂದರೆ, ಸುಲಭದ ಹಂತಗಳಲ್ಲಿ ಆಟ ಗುಟ್ಟಾಗಿ ಅವನಿಗೇ ಸಹಾಯ ಮಾಡುತ್ತಿರುತ್ತದೆ. ಮೇಲಿಂದ ಮೇಲೆ ಗುರಿ ತಪ್ಪಿದರೆ ಮುಂದಿನ ಗುಂಡಿನ ಸಾಧ್ಯತೆಯನ್ನು ಕಾಣದಂತೆ ಏರಿಸುತ್ತದೆ.

ಒಂದು ಆಟದಲ್ಲಿ ಬೆರಳು ಚುರುಕಾಗಿರಬೇಕು, ಇನ್ನೊಂದರಲ್ಲಿ ಸೋಲನ್ನು ನುಂಗುವ ತಾಳ್ಮೆ ಬೇಕು. ಎರಡಕ್ಕೂ ನೂರಕ್ಕೆ 85 ಎಂದು ಬರೆದರೆ ಓದುಗನಿಗೆ ತಿಳಿದದ್ದೇನು? ಕುಸ್ತಿಪಟುವಿಗೂ ಸಂಗೀತಗಾರನಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟಂತೆ.

ನಾಲ್ವರು ಪಂಚರು

ವ್ಯೂಹದ ಆಟಕ್ಕೆ ಸಿಕ್ಕ ಚಿಕ್ಕ ತೀರ್ಪಿನ ಕಥೆ ಕಂಪ್ಯೂಟರಿಗಿಂತ ಹಳೆಯದು. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ನಕ್ಷೆಯ ಮೇಲೆ ಕಾಯಿಗಳನ್ನು ಸರಿಸುತ್ತ, ದಾಳ ಹಾಕುತ್ತ ಆಡುವ ಯುದ್ಧದಾಟವೊಂದನ್ನು ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್ ಎದುರು ತೋರಿಸಿದ. ಇದು ಆಟವಲ್ಲ, ಯುದ್ಧದ ತರಬೇತಿ ಎಂದು ಮ್ಯೂಫ್ಲಿಂಗ್ ಉದ್ಗರಿಸಿದನೆಂದು ಹೇಳುತ್ತಾರೆ. ಆತನ ಶಿಫಾರಸಿನೊಂದಿಗೆ ಆಟ ಪ್ರಷ್ಯದ ಸೇನೆಯನ್ನು ಹೊಕ್ಕಿತು.

ವಿಡಿಯೊ ಆಟಗಳ ವಿಮರ್ಶೆ ಬೆಳೆದದ್ದು ಅಮೆರಿಕದಲ್ಲಿ. ಆರ್ನಿ ಕಾಟ್ಜ್, ಬಿಲ್ ಕುಂಕೆಲ್ ಮತ್ತು ಜಾಯ್ಸ್ ವರ್ಲಿ ಸೇರಿ 1981ರಲ್ಲಿ ‘ಎಲೆಕ್ಟ್ರಾನಿಕ್ ಗೇಮ್ಸ್’ ಪತ್ರಿಕೆ ಆರಂಭಿಸಿದರು. ಚಿಕ್ಕ ತೀರ್ಪಿಗೆ ಅಚ್ಚುಕಟ್ಟಾದ ರೂಪ ಕೊಟ್ಟದ್ದು ಜಪಾನಿನ ‘ಫಾಮಿತ್ಸು’. 1986ರಲ್ಲಿ ಹುಟ್ಟಿದ ಈ ಪತ್ರಿಕೆಯಲ್ಲಿ ಒಂದು ಆಟವನ್ನು ನಾಲ್ವರು ವಿಮರ್ಶಿಸುತ್ತಾರೆ. ಒಬ್ಬೊಬ್ಬರಿಗೂ ಕೆಲವೇ ಸಾಲಿನ ಜಾಗ, ಹತ್ತರಲ್ಲಿ ಅಂಕ. ಒಟ್ಟು 40. ಮೊದಲ ಬಾರಿಗೆ 40ಕ್ಕೆ 40 ಪಡೆದದ್ದು 1998ರಲ್ಲಿ ಬಂದ ‘ದಿ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್’. ಹನ್ನೆರಡು ವರ್ಷ ಯಾರಿಗೂ ಪೂರ್ಣಾಂಕ ಕೊಡದ ಪಂಚಾಯಿತಿ ಅದು! ನಂತರದ ವರ್ಷಗಳಲ್ಲಿ ಕೈ ಸಡಿಲವಾಗಿ ಪೂರ್ಣಾಂಕಗಳು ಹೆಚ್ಚಿದವು.

ಈ ಪದ್ಧತಿಯಲ್ಲಿ ಒಂದು ಗುಣವಿತ್ತು. ಒಬ್ಬ ಒಂಬತ್ತು ಕೊಟ್ಟ ಆಟಕ್ಕೆ ಪಕ್ಕದವನು ಆರು ಕೊಟ್ಟದ್ದು ಅಲ್ಲೇ ಕಾಣುತ್ತಿತ್ತು. ‘ನನ್ನಂಥವನು ಯಾರು?’ ಎಂದು ಓದುಗ ಆರಿಸಿಕೊಳ್ಳಬಹುದಿತ್ತು.

ನಗೆಗೀಡಾದ ಸಾಲು

ಅಂಕಕ್ಕಿಂತ ವಾಕ್ಯ ಹೆಚ್ಚು ಕಾಲ ಬಾಳುತ್ತದೆ ಎನ್ನುವುದಕ್ಕೆ ಬ್ರಿಟನ್ನಿನ ‘ಎಡ್ಜ್’ ಪತ್ರಿಕೆಯ ಉದಾಹರಣೆ ಇದೆ. ಅಮೆರಿಕದ ಐಡಿ ಸಾಫ್ಟ್‌ವೇರ್ 1993ರ ಡಿಸೆಂಬರ್‌ನಲ್ಲಿ ಹೊರತಂದ ‘ಡೂಮ್’ ಆಟ ಜಗತ್ತನ್ನೇ ಮರುಳು ಮಾಡಿತು. ಬಂದೂಕು ಹಿಡಿದವನ ಕಣ್ಣಿನಿಂದಲೇ ಎಲ್ಲವನ್ನೂ ತೋರಿಸುವ ಆಟಗಳ ಸಾಲಿನಲ್ಲಿ ಅದು ಹಿರಿಯ. 1994ರಲ್ಲಿ ‘ಎಡ್ಜ್’ ಅದಕ್ಕೆ ಕೊಟ್ಟದ್ದು ಹತ್ತಕ್ಕೆ 7. ಈ ಪ್ರಾಣಿಗಳೊಡನೆ ಮಾತನಾಡುವಂತಿದ್ದರೆ, ಸ್ನೇಹ ಬೆಳೆಸುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂಬರ್ಥದ ಮಾತನ್ನೂ ವಿಮರ್ಶಕ ಸೇರಿಸಿದ್ದ. ರಾಕ್ಷಸರನ್ನು ಸುಡುವ ಆಟದಲ್ಲಿ ರಾಕ್ಷಸರ ಜೊತೆ ಹರಟೆಯೇ? ಆಟಗಾರರು ವರ್ಷಗಟ್ಟಲೆ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಆದರೆ 2015ರಲ್ಲಿ ‘ಅಂಡರ್‌ಟೇಲ್’ ಎಂಬ ಪುಟ್ಟ ಆಟ ಬಂತು. ಅದರಲ್ಲಿ ಎದುರಾದ ಪ್ರತಿಯೊಂದು ದೈತ್ಯಪ್ರಾಣಿಯೊಂದಿಗೂ ಮಾತನಾಡಬಹುದು. ಒಂದನ್ನೂ ಕೊಲ್ಲದೆ ಆಟ ಮುಗಿಸಬಹುದು. ಜನ ಮುಗಿಬಿದ್ದು ಮೆಚ್ಚಿದರು. ಎರಡು ದಶಕದ ಹಿಂದೆ ನಗೆಗೀಡಾದ ಸಾಲು ಇಲ್ಲದ ಆಟವೊಂದನ್ನು ಕೇಳಿತ್ತು. ಹತ್ತಕ್ಕೆ ಏಳು ಎಂಬ ಅಂಕೆಗೆ ಅಷ್ಟೆಲ್ಲ ಹೇಳುವ ಶಕ್ತಿ ಎಲ್ಲಿಂದ ಬರಬೇಕು?

ಸರಾಸರಿಯ ದರ್ಬಾರು

2001ರಲ್ಲಿ ಆರಂಭವಾದ ಮೆಟಾಕ್ರಿಟಿಕ್ ಚಿತ್ರವನ್ನೇ ಬದಲಿಸಿತು. ಅದು ಸ್ವತಃ ವಿಮರ್ಶೆ ಬರೆಯುವುದಿಲ್ಲ. ಬೇರೆ ಬೇರೆ ಕಡೆ ಪ್ರಕಟವಾದ ವಿಮರ್ಶೆಗಳ ಅಂಕಗಳನ್ನು ನೂರರ ಅಳತೆಗೆ ಪರಿವರ್ತಿಸಿ ಸರಾಸರಿ ತೆಗೆಯುತ್ತದೆ. ಐದಕ್ಕೆ ನಾಲ್ಕು ನಕ್ಷತ್ರವೆಂದರೆ 80. ಎಲ್ಲ ವಿಮರ್ಶಕರಿಗೂ ಸಮಾನ ತೂಕವಿಲ್ಲ. ಯಾರಿಗೆ ಎಷ್ಟು ತೂಕ ಎಂಬುದನ್ನು ತಾಣ ಬಹಿರಂಗಪಡಿಸುವುದಿಲ್ಲ. ಆಟಗಳ ಮಟ್ಟಿಗೆ 75 ಮತ್ತು ಮೇಲ್ಪಟ್ಟರೆ ಹಸಿರು, 50ರಿಂದ 74ರವರೆಗೆ ಹಳದಿ, ಅದಕ್ಕೂ ಕೆಳಗೆ ಕೆಂಪು.

ಸರಾಸರಿಯ ಸ್ವಭಾವ ಗಮನಿಸಿ. ಹತ್ತು ಮಂದಿ ವಿಮರ್ಶಕರೂ 70 ಕೊಟ್ಟರೆ ಸರಾಸರಿ 70. ಐವರು 95, ಐವರು 45 ಕೊಟ್ಟರೂ ಸರಾಸರಿ 70. ಮೊದಲನೆಯದು ಯಾರಿಗೂ ಬೇಸರ ತರದ ಸಾಧಾರಣ ಆಟ. ಎರಡನೆಯದು ಕೆಲವರ ಪಾಲಿಗೆ ಅಮೃತ, ಕೆಲವರ ಪಾಲಿಗೆ ಕಹಿ. ಪರದೆಯ ಮೇಲೆ ಎರಡಕ್ಕೂ ಒಂದೇ ಹಳದಿ ಚೌಕ.

ಅಂಕೆ ಒಂದೇ ಆದಾಗ ಅದು ವ್ಯವಹಾರಸ್ಥರಿಗೆ ಅನುಕೂಲ. ‘ಒಳ್ಳೆಯ ಆಟ ಮಾಡಿಕೊಡಿ’ ಎಂದು ಒಪ್ಪಂದದಲ್ಲಿ ಬರೆಯಲಾಗದು. ‘85 ಅಂಕ ತನ್ನಿ’ ಎಂದು ಬರೆಯಬಹುದು. ‘ನ್ಯೂ ವೆಗಾಸ್’ ಸಿಕ್ಕಿಬಿದ್ದದ್ದು ಇಲ್ಲಿಯೇ. ಬಿಡುಗಡೆಯ ಹೊತ್ತಿಗೆ ಅದರಲ್ಲಿ ತಾಂತ್ರಿಕ ದೋಷಗಳು ತುಂಬಿದ್ದವು. ವಿಮರ್ಶಕರು ಅದಕ್ಕಾಗಿ ಅಂಕ ಕಡಿದರು. ಅದು ನ್ಯಾಯವೇ. ದೋಷಗಳಲ್ಲಿ ಹಲವನ್ನು ಮುಂದೆ ಸರಿಪಡಿಸಲಾಯಿತು. ಇಂದು ಆ ಸರಣಿಯ ಅತ್ಯುತ್ತಮ ಆಟವೆಂದರೆ ಅದೇ ಎನ್ನುವ ಅಭಿಮಾನಿಗಳು ಬಹಳ. ಆದರೆ ಮೊದಲ ವಾರದ 84 ಮಾತ್ರ ಕಲ್ಲಿನಲ್ಲಿ ಕೊರೆದಂತೆ ಉಳಿಯಿತು.

ಬ್ರಿಟನ್ನಿನ ‘ಯೂರೋಗೇಮರ್’ ತಾಣ 2015ರ ಫೆಬ್ರವರಿಯಲ್ಲಿ ಅಂಕಗಳನ್ನೇ ಕೈಬಿಟ್ಟಿತು. ಅವಶ್ಯವಾಗಿ ಆಡಿ, ಆಡಬಹುದು, ದೂರವಿರಿ ಎಂಬರ್ಥದ ಮೂರು ಮುದ್ರೆಗಳನ್ನು ತಂದಿತು. ಆದರೆ ಓದುಗರ ಅಂಕದ ಹಸಿವು ಸಾಮಾನ್ಯವೇ? 2023ರಲ್ಲಿ ಅದೇ ತಾಣ ಐದು ನಕ್ಷತ್ರಗಳ ಪದ್ಧತಿಗೆ ಮರಳಿತು.

ವಿಮರ್ಶಕನ ತಲೆದಂಡ

ಅಂಕದ ಬಿಸಿ ತಯಾರಕರಿಗಷ್ಟೇ ತಟ್ಟಿದ್ದಲ್ಲ. 2007ರ ನವೆಂಬರ್‌ನಲ್ಲಿ ‘ಕೇನ್ ಆ್ಯಂಡ್ ಲಿಂಚ್: ಡೆಡ್ ಮೆನ್’ ಎಂಬ ಆಟ ಬಂತು. ಗುಂಡಿನ ಕಾಳಗದ ನಡುವೆ ಜೊತೆಗಾರರಿಗೆ ಆಜ್ಞೆ ಕೊಡುತ್ತ ಸಾಗುವ, ಆ್ಯಕ್ಷನ್ ಮತ್ತು ವ್ಯೂಹ ಎರಡನ್ನೂ ಬೆರೆಸಿದ ಆಟ. ‘ಗೇಮ್‌ಸ್ಪಾಟ್’ ತಾಣದ ವಿಮರ್ಶಕ ಜೆಫ್ ಗರ್ಸ್ಟ್‌ಮನ್ ಅದಕ್ಕೆ ಹತ್ತಕ್ಕೆ 6 ಕೊಟ್ಟರು. ಅದೇ ಹೊತ್ತಿನಲ್ಲಿ ತಾಣದ ತುಂಬ ಅದೇ ಆಟದ ಜಾಹೀರಾತು! ಕೆಲವೇ ದಿನಗಳಲ್ಲಿ ಗರ್ಸ್ಟ್‌ಮನ್ ಕೆಲಸ ಕಳೆದುಕೊಂಡರು.

ಕಾರಣ ಏನೆಂದು ವರ್ಷಗಟ್ಟಲೆ ಯಾರೂ ಬಾಯಿಬಿಡಲಿಲ್ಲ. ಕಾನೂನು ಕಟ್ಟುಪಾಡು ಸಡಿಲವಾದ ಮೇಲೆ, 2012ರಲ್ಲಿ, ಜಾಹೀರಾತುದಾರರ ಅಸಮಾಧಾನಕ್ಕೆ ಆಡಳಿತ ಮಣಿದದ್ದನ್ನು ಗರ್ಸ್ಟ್‌ಮನ್ ಬಹಿರಂಗವಾಗಿ ವಿವರಿಸಿದರು. ಅಷ್ಟರಲ್ಲಿ ಅವರು ‘ಜಯಂಟ್ ಬಾಂಬ್’ ಎಂಬ ಸ್ವಂತ ತಾಣ ಕಟ್ಟಿ ಹೆಸರು ಮಾಡಿದ್ದರು. ಆರು ಎಂಬುದು ಕಳಪೆ ಅಂಕವೂ ಅಲ್ಲ, ‘ಪರವಾಗಿಲ್ಲ’ ಎನ್ನುವ ಅಂಕ. ‘ಪರವಾಗಿಲ್ಲ’ ಎಂದದ್ದಕ್ಕೇ ಇಷ್ಟು ಬೆಲೆ!

ಯಾವ ಯಂತ್ರದಲ್ಲಿ ಆಡಿದಿರಿ?

ವಿಮರ್ಶೆ ಪ್ರಕಟಿಸಲು ದಿನ, ಗಂಟೆಯನ್ನು ಕಂಪೆನಿಗಳೇ ಗೊತ್ತುಮಾಡುವ ಪದ್ಧತಿಯಿದೆ. ಆಟದ ಪ್ರತಿ ಮುಂಚಿತವಾಗಿ ಸಿಗಬೇಕಾದರೆ ವಿಮರ್ಶಕ ಈ ಷರತ್ತಿಗೆ ಒಪ್ಪಬೇಕು. 2014ರಲ್ಲಿ ‘ಅಸಾಸಿನ್ಸ್ ಕ್ರೀಡ್: ಯೂನಿಟಿ’ ಅಮೆರಿಕದಲ್ಲಿ ಮಾರಾಟಕ್ಕೆ ಬಂದು ಅರ್ಧ ದಿನ ಕಳೆದ ಮೇಲಷ್ಟೇ ವಿಮರ್ಶೆಗಳಿಗೆ ಅನುಮತಿ ಸಿಕ್ಕಿತು. ಅಷ್ಟರಲ್ಲಿ ಹಣ ಕೊಟ್ಟು ಕೊಂಡವರು ಮುಖದ ಚರ್ಮವೇ ಮಾಯವಾಗಿ ಕಣ್ಣು, ಹಲ್ಲು ಮಾತ್ರ ತೇಲುವ ಪಾತ್ರಗಳನ್ನು ಕಂಡು ಬೆಚ್ಚಿದ್ದರು.

ಇದಕ್ಕಿಂತ ದೊಡ್ಡ ಪಾಠ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಸಂಸ್ಥೆಯ ‘ಸೈಬರ್‌ಪಂಕ್ 2077’. 2020ರ ಡಿಸೆಂಬರ್ 10ರಂದು ಬಿಡುಗಡೆಯಾದ ಈ ಆಟವನ್ನು ವಿಮರ್ಶಕರಿಗೆ ಮುಂಚಿತವಾಗಿ ಕೊಟ್ಟದ್ದು ಕಂಪ್ಯೂಟರ್ ಆವೃತ್ತಿಯಲ್ಲಿ ಮಾತ್ರ. ಪ್ರಬಲ ಯಂತ್ರಗಳಲ್ಲಿ ಆಡಿದ ಅವರು ಧಾರಾಳವಾಗಿ ಅಂಕ ಕೊಟ್ಟರು. ಅದನ್ನು ನಂಬಿ ಹಳೆಯ ಪ್ಲೇಸ್ಟೇಷನ್ 4ಕ್ಕೆ ಕೊಂಡವರ ಪಾಡು ಬೇರೆ. ಚಿತ್ರ ತಡವರಿಸುವುದು, ಆಟ ನಡುವೆಯೇ ಕುಸಿಯುವುದು ಮಾಮೂಲಾಯಿತು. ಬಿಡುಗಡೆಯಾಗಿ ವಾರ ಕಳೆಯುವಷ್ಟರಲ್ಲಿ ಸೋನಿ ಸಂಸ್ಥೆ ಆಟವನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದು, ಹಣ ಮರಳಿಸುವುದಾಗಿ ಪ್ರಕಟಿಸಿತು. ಅದು ಮತ್ತೆ ಅಂಗಡಿಗೆ ಬಂದದ್ದು 2021ರ ಜೂನ್‌ನಲ್ಲಿ. ನೌಕರರ ಬೋನಸ್‌ಗೆ ವಿಮರ್ಶೆಯ ಅಂಕವನ್ನೂ ಷರತ್ತಾಗಿಸಿದ್ದ ಕಂಪೆನಿ, ಬಿಡುಗಡೆಯಾದ ಕೂಡಲೇ ಆ ಷರತ್ತನ್ನು ಕೈಬಿಟ್ಟಿತು.

ವಿಮರ್ಶಕರು ಸುಳ್ಳು ಬರೆದಿರಲಿಲ್ಲ, ಕಂಡದ್ದನ್ನೇ ಬರೆದಿದ್ದರು. ಕಾಣಿಸಿದ್ದೇ ಅರ್ಧವಾಗಿತ್ತು.

ಜನರ ಹೆಬ್ಬೆರಳು

ಹಾಗಾದರೆ ಆಡಿದವರೇ ತೀರ್ಪು ಕೊಡಲಿ ಎನ್ನಬಹುದು. ‘ಸ್ಟೀಮ್’ ಎಂಬ ಆನ್‌ಲೈನ್ ಅಂಗಡಿ 2013ರಿಂದ ಇದಕ್ಕೆ ಅವಕಾಶ ಕೊಟ್ಟಿದೆ. ಅಂಕವಿಲ್ಲ, ಹೆಬ್ಬೆರಳು ಮೇಲೆ ಅಥವಾ ಕೆಳಗೆ. ಎಷ್ಟು ಗಂಟೆ ಆಡಿ ಈ ಮಾತು ಹೇಳಿದರೆಂಬುದೂ ಕಾಣುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. ಸ್ಟೀಮ್‌ನಲ್ಲಿ ಶೇ 95 ಎಂದರೆ ಆಟಕ್ಕೆ ನೂರಕ್ಕೆ 95 ಅಂಕ ಎಂದಲ್ಲ. ನೂರರಲ್ಲಿ 95 ಮಂದಿ ‘ಆಡಬಹುದು’ ಎಂದಿದ್ದಾರೆ ಎಂದಷ್ಟೇ ಅರ್ಥ.

ಜನರ ತೀರ್ಪು ಕೆಲವೊಮ್ಮೆ ಚಳವಳಿಯೂ ಆಗುತ್ತದೆ. 2024ರ ಫೆಬ್ರವರಿಯಲ್ಲಿ ಬಂದ, ಸ್ವೀಡನ್ನಿನ ಆ್ಯರೋಹೆಡ್ ಸಂಸ್ಥೆಯ ‘ಹೆಲ್‌ಡೈವರ್ಸ್ 2’ ಅಪಾರ ಮೆಚ್ಚುಗೆ ಗಳಿಸಿತ್ತು. ಮೇ ತಿಂಗಳಲ್ಲಿ ಪ್ರಕಾಶಕ ಸೋನಿ, ಕಂಪ್ಯೂಟರಿನಲ್ಲಿ ಆಡುವವರೂ ತನ್ನ ಪ್ಲೇಸ್ಟೇಷನ್ ಜಾಲದಲ್ಲಿ ಖಾತೆ ತೆರೆಯಲೇಬೇಕೆಂದಿತು. ಆ ಜಾಲದ ಸೇವೆಯೇ ಇಲ್ಲದ ದೇಶಗಳಲ್ಲಿ ಆಟ ಕೊಂಡವರು ಏನು ಮಾಡಬೇಕು? ಕೆಲವೇ ದಿನಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಬ್ಬೆರಳುಗಳು ಕೆಳಮುಖವಾದವು. ಸೋನಿ ನಿರ್ಧಾರ ಹಿಂತೆಗೆದುಕೊಂಡಿತು. ಆಟದಲ್ಲಿ ಒಂದು ಗುಂಡೂ ಬದಲಾಗಿರಲಿಲ್ಲ. ಜನ ತೂಗಿದ್ದು ಆಟವನ್ನಲ್ಲ, ವ್ಯಾಪಾರದ ರೀತಿಯನ್ನು.

ಈ ಲೆಕ್ಕಾಚಾರ ಬೆಂಗಳೂರಿಗೂ ದೂರವಲ್ಲ. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಸ್ಥಾಪಿಸಿದ ಧ್ರುವ ಇಂಟರ್‌ಆ್ಯಕ್ಟಿವ್, ಹೊರದೇಶದ ಆಟಗಳಿಗೆ ಚಿತ್ರಕಲೆಯ ಕೆಲಸ ಮಾಡಿಕೊಡುವ ಮೂಲಕ ಬೆಳೆಯಿತು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡು ತನ್ನ ಬೆಂಗಳೂರು ಶಾಖೆಯೊಡನೆ ಸೇರಿಸಿತು. 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ ಆಟದಲ್ಲಿ ಆ ಬೆಂಗಳೂರು ಶಾಖೆಯ ದುಡಿಮೆಯೂ ಸೇರಿದೆ. ಮೆಟಾಕ್ರಿಟಿಕ್‌ನಲ್ಲಿ ಅದರ ಅಂಕ 97. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಬರೆದ ಎರಡು ಸಾಲು ಇಲ್ಲಿನ ಕಲಾವಿದರ ಕೆಲಸವನ್ನೂ ತೂಗುತ್ತದೆ.

ತೀರ್ಪು ಹೀಗಿದ್ದರೆ

ಚಿಕ್ಕ ತೀರ್ಪೇ ತಪ್ಪೆಂದಲ್ಲ. ಎರಡು ಸಾಲಿನಲ್ಲೂ ಆಟವೊಂದು ನಮ್ಮಿಂದ ಏನು ಕೇಳುತ್ತದೆ, ಯಾರಿಗೆ ಹಿಡಿಸೀತು ಎಂದು ಹೇಳಬಹುದು. ಕೆಲವು ಉದಾಹರಣೆ ನೋಡಿ, ಅಂಕವಿಲ್ಲದೆಯೇ ಕೊಡುತ್ತಿದ್ದೇವೆ.

‘ಸೆಕಿರೊ: ಶ್ಯಾಡೋಸ್ ಡೈ ಟ್ವೈಸ್’ (2019): ಕತ್ತಿಗೆ ಕತ್ತಿ ಕೊಡುವ ಕ್ಷಣ ಕಲಿಯುವವರೆಗೆ ಸಾಯುತ್ತಲೇ ಇರಬೇಕು. ಸುಲಭದ ಹಂತವೇ ಇಲ್ಲ. ಹಟಮಾರಿಗಳಿಗೆ ಹಬ್ಬ, ದಣಿದು ಮನೆಗೆ ಬಂದವರಿಗೆ ಶಿಕ್ಷೆ.

‘ಡೂಮ್ ಎಟರ್ನಲ್’ (2020): ನಿಂತರೆ ಸತ್ತಂತೆ. ಗುಂಡು ಬೇಗ ಮುಗಿಯುವುದೇ ಇದರ ಜಾಣ್ಮೆ. ಆಯುಧ ಬದಲಿಸುತ್ತ ಓಡುತ್ತಲೇ ಇರಬೇಕು. ಅವಸರವೇ ಸುಖ ಎನ್ನುವವರಿಗೆ.

‘ಎಕ್ಸ್‌ಕಾಮ್ 2’ (2016): ಸತ್ತ ಸೈನಿಕ ಮರಳಿ ಬರುವುದಿಲ್ಲ, ಹಲವು ಕಾರ್ಯಾಚರಣೆಗಳಲ್ಲಿ ಸರದಿಗಳ ಗಡುವೂ ಇದೆ. ನಷ್ಟವನ್ನು ಸಹಿಸಿ ಮುಂದೆ ಸಾಗಬಲ್ಲವರಿಗೆ.

‘ಇನ್‌ಟು ದಿ ಬ್ರೀಚ್’ (2018): ಚದುರಂಗದಂತೆ ಎಂಟಕ್ಕೆ ಎಂಟರ ಹಾಸು. ಶತ್ರು ಮುಂದೆ ಎಲ್ಲಿ ಹೊಡೆಯುತ್ತಾನೆಂದು ಮೊದಲೇ ತೋರಿಸುತ್ತದೆ. ಆದ್ದರಿಂದ ಸೋತರೆ ಅದೃಷ್ಟವನ್ನು ಬೈಯುವಂತಿಲ್ಲ. ಬಸ್ಸಿಗೆ ಕಾಯುವ ಅರ್ಧ ಗಂಟೆಗೂ ಸರಿ.

‘ಹೆಲ್‌ಡೈವರ್ಸ್ 2’ (2024): ನಾಲ್ವರು ಕೂಡಿ ಆಡುವ ಆಟ. ನಿಮ್ಮ ಗುಂಡು ಗೆಳೆಯನಿಗೂ ತಾಗುತ್ತದೆ. ಒಬ್ಬರೇ ಆಡಿದರೆ ಸಪ್ಪೆ. ನಗಬಲ್ಲ ಸ್ನೇಹಿತರಿದ್ದರೆ ರಂಗು.

ಇವುಗಳಲ್ಲಿ ಯಾವುದು ಶ್ರೇಷ್ಠ ಎಂದು ಕೇಳಿದರೆ ಉತ್ತರ ಕಷ್ಟ. ಯಾವುದು ನಿಮಗೆ ಎಂದು ಕೇಳಿದರೆ ಉತ್ತರ ಆಗಲೇ ಹೊಳೆದಿರಬೇಕು. ಮಕ್ಕಳಿಗೆ ಆಟ ಕೊಡಿಸುವ ತಂದೆತಾಯಿಯರು ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು: ಇದು ಕೈಯ ಆಟವೋ, ತಲೆಯದೋ? ವಿಮರ್ಶಕ ಆಡಿದ್ದು ನಮ್ಮ ಮನೆಯಲ್ಲಿರುವ ಯಂತ್ರದಲ್ಲೇ? ಮೆಚ್ಚಿದವರು ಏನನ್ನು ಮೆಚ್ಚಿದರು, ಬೈದವರು ಏನನ್ನು ಬೈದರು? ಈ ಮೂರಕ್ಕೂ ಸರಾಸರಿಯಲ್ಲಿ ಉತ್ತರವಿಲ್ಲ, ಸಾಲುಗಳಲ್ಲಿದೆ.

84ಕ್ಕೂ 85ಕ್ಕೂ ಆಡುವವನ ಬೆರಳಿಗೆ ತಿಳಿಯುವ ವ್ಯತ್ಯಾಸ ಏನೂ ಇಲ್ಲ. ಆ ವ್ಯತ್ಯಾಸ ತಿಳಿದದ್ದು ಆಟ ಮಾಡಿದವರ ಜೇಬಿಗೆ ಮಾತ್ರ.